ಉಲ್ಲಾಸ ಪ್ರವಾಸ ಮತ್ತು ಮಹಾಮಾರಿ: ಇತಿಹಾಸದ ಕೆಲವು ಪುಟಗಳು

ದುಡಿಯುವ ಮನುಷ್ಯನಿಗೆ ಬಿಡುವು ಬೇಕು. ಹಬ್ಬ, ಜಾತ್ರೆ, ಉರುಸು, ಸಿನಿಮಾ, ಶಾಲಾ ಮಕ್ಕಳ ವಾರ್ಷಿಕ ಪ್ರವಾಸ ಇವೆಲ್ಲ ಬದುಕಿನ ದಣಿವನ್ನು ಮರೆಸುತ್ತವೆ. ಉರ್ದುವಿನಲ್ಲಿ ಇದನ್ನು 'ಸೈರ್-ಓ-ತಫ್ರೀಹ್' ಎನ್ನುತ್ತೇವೆ. ಸೈರ್ ಎಂದರೆ ಸುತ್ತಾಟ, ತಫ್ರೀಹ್ ಎಂದರೆ ಮನಸ್ಸಿನ ಉಲ್ಲಾಸ. ಅದೇ ಭಾಷೆಯಲ್ಲಿ ಊರಿಂದೂರಿಗೆ ಹರಡುವ ರೋಗಕ್ಕೆ 'ವಬಾ' ಎಂಬ ಹೆಸರಿದೆ. ಈ ಎರಡು ಪದಗಳ ಅರ್ಥಕ್ಕೆ ಪರಸ್ಪರ ಸಂಬಂಧವೇ ಇಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಇತಿಹಾಸವನ್ನು ಓದಿದರೆ ಇವೆರಡೂ ಒಂದೇ ದಾರಿಯಲ್ಲಿ, ಒಂದೇ ಹಡಗಿನಲ್ಲಿ, ಒಂದೇ ರೈಲಿನಲ್ಲಿ ಸಾಗಿ ಬಂದಿರುವುದು ತಿಳಿಯುತ್ತದೆ.

14ನೇ ಶತಮಾನದ ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತನ ಹೆಸರನ್ನು ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಆತ ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದು ಆತ ಬರೆದಿರುವುದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಇದೇ ಇಬ್ನ್ ಬತೂತ ಪೂರ್ವ ದೇಶಗಳನ್ನು ಸುತ್ತಿ 1348ರಲ್ಲಿ ಸಿರಿಯಾ ತಲುಪಿದಾಗ ಅಲ್ಲಿ ಭೀಕರ ಪ್ಲೇಗು ಹರಡಿತ್ತು. ದಮಾಸ್ಕಸ್, ಗಾಜಾ, ಕೈರೋ ಹೀಗೆ ಆತ ಹೋದಲ್ಲೆಲ್ಲ ಸಾವಿನ ಸಾಲು. ಕೊನೆಗೆ ತಾಯ್ನಾಡಾದ ಮೊರಾಕ್ಕೋಗೆ ಮರಳಿದಾಗ ತನ್ನ ತಾಯಿಯೂ ಅದೇ ಪ್ಲೇಗಿಗೆ ಬಲಿಯಾದ ಸುದ್ದಿ ಆತನಿಗೆ ಸಿಕ್ಕಿತು. ಪ್ರವಾಸಿಗಿಂತ ಮೊದಲೇ ರೋಗ ಅವನ ಮನೆಯನ್ನು ಮುಟ್ಟಿತ್ತು.

ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಮಹಾಮಾರಿಯ ಕಾಲದಲ್ಲೂ ಒಂದೇ ಪ್ರಶ್ನೆ ಎದ್ದು ನಿಂತಿದೆ. ಹೊರಗಿನಿಂದ ಬರುವ ಜನರನ್ನೇ ನಂಬಿ ಬದುಕುವ ಊರಿಗೆ ರೋಗ ಬಂದರೆ ಆ ಊರು ಏನು ಮಾಡಬೇಕು? ನಿಜ ಹೇಳಿ ಬಾಗಿಲು ಹಾಕಬೇಕೇ, ಅಥವಾ ಮುಚ್ಚಿಟ್ಟು ವ್ಯಾಪಾರ ನಡೆಸಬೇಕೇ? ಈ ಪ್ರಶ್ನೆಗೆ ಬೇರೆ ಬೇರೆ ಊರುಗಳು ಕೊಟ್ಟ ಉತ್ತರಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ನಲವತ್ತು ದಿನಗಳ ಕಾಯುವಿಕೆ

ಇಂದಿನ ಕ್ರೊಯೇಷಿಯಾ ದೇಶದಲ್ಲಿರುವ ಡುಬ್ರೋವ್ನಿಕ್ ನಗರಕ್ಕೆ ಹಿಂದೆ ರಗೂಸಾ ಎಂಬ ಹೆಸರಿತ್ತು. ಅದು ಪೂರ್ತಿಯಾಗಿ ಸಮುದ್ರ ವ್ಯಾಪಾರವನ್ನೇ ನೆಚ್ಚಿಕೊಂಡಿದ್ದ ಊರು. ಬಂದರನ್ನು ಮುಚ್ಚಿದರೆ ಹಸಿವು, ತೆರೆದರೆ ಪ್ಲೇಗು. 1377ರಲ್ಲಿ ಆ ನಗರದ ಆಡಳಿತ ಮಂಡಳಿ ಒಂದು ಮಧ್ಯಮ ಮಾರ್ಗ ಕಂಡುಕೊಂಡಿತು. ಪ್ಲೇಗು ಇರುವ ಸ್ಥಳಗಳಿಂದ ಬಂದವರು ನಗರದ ಹೊರಗೆ ಗೊತ್ತುಪಡಿಸಿದ ಜಾಗದಲ್ಲಿ 30 ದಿನ ಇದ್ದು, ನಂತರವೇ ಒಳಗೆ ಬರಬೇಕು ಎಂಬ ಕಾನೂನು ಮಾಡಿತು. ಮುಂದೆ ಈ ಅವಧಿ 40 ದಿನಗಳಿಗೆ ಏರಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ 'ಕ್ವಾರಂಟಾ' ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ನಮ್ಮ ಹಳ್ಳಿಹಳ್ಳಿಗಳಲ್ಲೂ ಕೇಳಿಬಂದ 'ಕ್ವಾರಂಟೈನ್' ಎಂಬ ಪದದ ಮೂಲ ಇದೇ. 1423ರಲ್ಲಿ ವೆನಿಸ್ ನಗರವು ಒಂದು ದ್ವೀಪದಲ್ಲಿ ಪ್ಲೇಗು ರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ತೆರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ನಿಯಮ ಮಾಡಿದವರು ವ್ಯಾಪಾರದ ವಿರೋಧಿಗಳಲ್ಲ. ವ್ಯಾಪಾರ ಉಳಿಯಬೇಕಾದರೆ ಊರಿನ ಜನ ಉಳಿಯಬೇಕು ಎಂಬುದನ್ನು ಅರಿತ ವ್ಯಾಪಾರಿಗಳೇ ಈ ನಿಯಮ ಮಾಡಿದ್ದರು. ಆದರೆ ಐದು ನೂರು ವರ್ಷಗಳ ನಂತರ, ವಿಜ್ಞಾನ ಎಷ್ಟೋ ಮುಂದುವರಿದ ಕಾಲದಲ್ಲಿ, ಈ ವಿವೇಕವನ್ನು ಮರೆತ ಊರುಗಳೂ ಇದ್ದವು.

ಸುದ್ದಿ ಮುಚ್ಚಿಟ್ಟ ನಗರ

19ನೇ ಶತಮಾನದ ಕೊನೆಯಲ್ಲಿ ಮತ್ತೊಂದು ಪ್ಲೇಗು ಜಗತ್ತನ್ನು ಸುತ್ತಿತು. 1894ರಲ್ಲಿ ಹಾಂಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ನಮ್ಮ ಬೆಂಗಳೂರು. ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯ ಬೀದಿಗಳಿಂದ ಜನರನ್ನು ಹೊರತರಲು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ ಬೆಳೆದದ್ದು ಈ ಪ್ಲೇಗಿನ ನಂತರವೇ. ಅದೇ ರೋಗ ಹಡಗುಗಳ ಮೂಲಕ ಪೆಸಿಫಿಕ್ ಸಾಗರವನ್ನು ದಾಟಿ 1900ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಮುಟ್ಟಿತು.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಆ ನಗರದ ಚೀನೀಯರ ಬೀದಿಯಲ್ಲಿ ಒಬ್ಬ ಕಾರ್ಮಿಕ ಸತ್ತುಹೋದ. ಜೋಸೆಫ್ ಕಿನ್ಯೂನ್ ಎಂಬ ಸರ್ಕಾರಿ ವೈದ್ಯ ವಿಜ್ಞಾನಿ ಪರೀಕ್ಷೆ ಮಾಡಿ ಇದು ಪ್ಲೇಗು ಎಂದು ಹೇಳಿದರು. ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಅದನ್ನು ಒಪ್ಪಲೇ ಇಲ್ಲ. ಪ್ಲೇಗು ಎಂಬ ಹೆಸರು ಹೊರಗೆ ಹೋದರೆ ಹಡಗುಗಳು ಬರುವುದಿಲ್ಲ, ನಮ್ಮ ಹಣ್ಣು ಮಾರಾಟವಾಗುವುದಿಲ್ಲ, ಹೊರಗಿನ ಜನ ಇತ್ತ ಸುಳಿಯುವುದಿಲ್ಲ ಎಂಬ ಭಯ ಅವರನ್ನೂ ವ್ಯಾಪಾರಸ್ಥರನ್ನೂ ಆವರಿಸಿತ್ತು. ನಗರದ ಪ್ರಮುಖ ಪತ್ರಿಕೆಗಳು ಪ್ಲೇಗನ್ನು ಕಟ್ಟುಕಥೆ ಎಂದು ಹಾಸ್ಯ ಮಾಡಿದವು. ನಿಜ ಹೇಳಿದ ಕಿನ್ಯೂನ್ ಅವರನ್ನು 1901ರಲ್ಲಿ ಅಲ್ಲಿಂದ ವರ್ಗಾಯಿಸಲಾಯಿತು.

ಇನ್ನೊಂದು ಅನ್ಯಾಯವೂ ನಡೆಯಿತು. ಚೀನೀಯರ ಬೀದಿಗೆ ಮಾತ್ರ ಹಗ್ಗ ಕಟ್ಟಿ, ಅದರ ಅಂಚಿನಲ್ಲಿದ್ದ ಬಿಳಿಯರ ಅಂಗಡಿ ಮನೆಗಳನ್ನು ಹೊರಗೆ ಬಿಡಲಾಯಿತು. ರೋಗಾಣುವಿಗೆ ಜನಾಂಗ ಗೊತ್ತೇ? ಅಲ್ಲಿನ ನ್ಯಾಯಾಲಯ 1900ರಲ್ಲೇ ಈ ಕ್ರಮವನ್ನು ತಾರತಮ್ಯವೆಂದು ಹೇಳಿ ತೆಗೆದುಹಾಕಿತು. ಒಂದು ಸಮುದಾಯದ ಮೇಲೆ ಬೆರಳು ತೋರಿಸಿದಾಗ ಆ ಸಮುದಾಯದ ಜನ ಹೆದರಿ ರೋಗಿಗಳನ್ನು ಬಚ್ಚಿಡುತ್ತಾರೆ, ವೈದ್ಯರನ್ನು ಕಂಡರೆ ಓಡುತ್ತಾರೆ. ಅಲ್ಲಿಯೂ ಹಾಗೆಯೇ ಆಯಿತು. 1904ರ ಹೊತ್ತಿಗೆ 119 ಜನ ಪ್ರಾಣ ಕಳೆದುಕೊಂಡಿದ್ದರು. ಯಾವ ವ್ಯಾಪಾರವನ್ನು ಉಳಿಸಲು ಸತ್ಯವನ್ನು ಮುಚ್ಚಿಟ್ಟರೋ ಅದೇ ವ್ಯಾಪಾರಕ್ಕೆ ಉಳಿದ ರಾಜ್ಯಗಳು ಬಹಿಷ್ಕಾರದ ಬೆದರಿಕೆ ಒಡ್ಡಿದವು.

1906ರ ಭೂಕಂಪದ ನಂತರ, 1907ರಲ್ಲಿ, ಪ್ಲೇಗು ಮತ್ತೆ ಬಂತು. ಈ ಬಾರಿ ನಗರ ಬುದ್ಧಿ ಕಲಿತಿತ್ತು. ರೋಗ ಇದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ರೂಪರ್ಟ್ ಬ್ಲೂ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ನಾಗರಿಕರೇ ಸಮಿತಿ ರಚಿಸಿಕೊಂಡು ಇಲಿಗಳ ನಿರ್ಮೂಲನೆಗೆ ನಿಂತರು. 1908ರ ಮೇ ತಿಂಗಳಲ್ಲಿ ಅಮೆರಿಕದ ಬೃಹತ್ ನೌಕಾಪಡೆ ಆ ಬಂದರಿಗೆ ಬರುವುದಿತ್ತು. ನಗರ ಶುಚಿಯಾಗದಿದ್ದರೆ ನೌಕಾಪಡೆ ಬಾರದೇ ಹೋಗಬಹುದೆಂಬ ಆತಂಕವೇ ಜನರನ್ನು ಕೆಲಸಕ್ಕೆ ಹಚ್ಚಿತು. ಹಡಗುಗಳು ಬಂದವು, ಉತ್ಸವ ನಡೆಯಿತು. ಎಂಟು ವರ್ಷಗಳ ಹಿಂದೆ ಅತಿಥಿಗಳ ಹೆಸರಿನಲ್ಲಿ ರೋಗವನ್ನು ಅಡಗಿಸಿಟ್ಟಿದ್ದ ಊರು ಈಗ ಅತಿಥಿಗಳಿಗಾಗಿಯೇ ಊರನ್ನು ಗುಡಿಸಿತ್ತು. ಆದರೆ ಅಷ್ಟರಲ್ಲಿ ರೋಗಾಣು ಅಲ್ಲಿನ ಕಾಡಿನ ಅಳಿಲುಗಳಿಗೆ ಅಂಟಿಯಾಗಿತ್ತು. ಪಶ್ಚಿಮ ಅಮೆರಿಕದ ಕಾಡುಪ್ರಾಣಿಗಳಲ್ಲಿ ಪ್ಲೇಗು ಇಂದಿಗೂ ಉಳಿದುಕೊಂಡಿದೆ.

ಒಂದು ಮೆರವಣಿಗೆ, ಎರಡು ನಗರಗಳು

1918ರ ಇನ್‌ಫ್ಲುಯೆಂಜಾ ಜ್ವರಕ್ಕೆ 'ಸ್ಪ್ಯಾನಿಷ್ ಜ್ವರ' ಎಂಬ ಹೆಸರು ಬಂದ ಕಥೆಯೇ ಒಂದು ಪಾಠ. ಅದು ಮೊದಲನೇ ಮಹಾಯುದ್ಧದ ಕಾಲ. ಯುದ್ಧದಲ್ಲಿದ್ದ ದೇಶಗಳು ಜ್ವರದ ಸುದ್ದಿಯನ್ನು ಅಚ್ಚಾಗದಂತೆ ತಡೆದವು. ತಟಸ್ಥವಾಗಿದ್ದ ಸ್ಪೇನ್ ದೇಶದ ಪತ್ರಿಕೆಗಳು ಮಾತ್ರ ಉಳ್ಳದ್ದನ್ನು ಉಳ್ಳ ಹಾಗೆ ಬರೆದವು. ನಿಜ ಹೇಳಿದ್ದಕ್ಕೆ ಆ ದೇಶಕ್ಕೆ ಸಿಕ್ಕ ಬಹುಮಾನವೆಂದರೆ ರೋಗಕ್ಕೆ ಅದರ ಹೆಸರೇ ಅಂಟಿಕೊಂಡಿತು! ಈ ಜ್ವರ ಮುಂಬಯಿ ಬಂದರಿನ ಮೂಲಕ ಭಾರತಕ್ಕೆ ಬಂದು, ರೈಲಿನ ಹಳಿಗಳ ಜೊತೆಗೇ ಹರಡಿ, ಒಂದು ಕೋಟಿಗೂ ಹೆಚ್ಚು ಭಾರತೀಯರನ್ನು ಬಲಿ ತೆಗೆದುಕೊಂಡಿತು.

ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಯುದ್ಧನಿಧಿ ಸಂಗ್ರಹಕ್ಕಾಗಿ ಒಂದು ಭಾರಿ ಮೆರವಣಿಗೆ ಏರ್ಪಾಡಾಗಿತ್ತು. ಅಲ್ಲಿನ ನೌಕಾನೆಲೆಯ ನಾವಿಕರಲ್ಲಿ ಜ್ವರ ಆಗಲೇ ಹರಡಿತ್ತು. ಮೆರವಣಿಗೆ ನಿಲ್ಲಿಸಿ ಎಂದು ವೈದ್ಯರು ಎಚ್ಚರಿಸಿದರು. ನಗರದ ಆರೋಗ್ಯ ಮುಖ್ಯಸ್ಥರಾಗಿದ್ದ ಡಾ. ವಿಲ್ಮರ್ ಕ್ರೂಸನ್ ಒಪ್ಪಲಿಲ್ಲ. ಸೆಪ್ಟೆಂಬರ್ 28ರಂದು ಬ್ರಾಡ್ ಸ್ಟ್ರೀಟ್ ಎಂಬ ರಾಜಬೀದಿಯಲ್ಲಿ ಸುಮಾರು ಎರಡು ಲಕ್ಷ ಜನ ಭುಜಕ್ಕೆ ಭುಜ ತಾಗಿಸಿ ನಿಂತು ವಾದ್ಯಗೋಷ್ಠಿ ಕೇಳಿದರು. ಮೂರೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು. ಅಕ್ಟೋಬರ್ 3ರಂದು ಶಾಲೆ, ಚರ್ಚು, ನಾಟಕಶಾಲೆಗಳನ್ನು ಮುಚ್ಚಿದರಾದರೂ ಕಾಲ ಮಿಂಚಿತ್ತು. ಸುಮಾರು ಆರು ವಾರಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಶವಪೆಟ್ಟಿಗೆಗಳೂ ಗೋರಿ ತೋಡುವವರೂ ಸಾಲದೆ ಹೋದರು.

ಇತ್ತ ಸೇಂಟ್ ಲೂಯಿಸ್ ಎಂಬ ಇನ್ನೊಂದು ನಗರದಲ್ಲಿ ಡಾ. ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಆರೋಗ್ಯಾಧಿಕಾರಿ. ಅಲ್ಲಿ ಮೊದಲ ರೋಗಿಗಳು ಕಂಡ ಕೆಲವೇ ದಿನಗಳಲ್ಲಿ, ಅಕ್ಟೋಬರ್ 7ರಂದು, ಅವರು ಸಿನಿಮಾ, ನಾಟಕಶಾಲೆ, ನೃತ್ಯಮಂದಿರ, ಶಾಲೆ, ಪ್ರಾರ್ಥನಾ ಸಭೆ ಎಲ್ಲವನ್ನೂ ಮುಚ್ಚಿಸಿದರು. ಚಿತ್ರಮಂದಿರಗಳ ಮಾಲೀಕರೂ ವ್ಯಾಪಾರಿಗಳೂ ಪ್ರತಿಭಟಿಸಿದರು. ನಗರದ ಮೇಯರ್ ವೈದ್ಯರ ಬೆನ್ನಿಗೆ ನಿಂತರು. ಇದರ ಫಲಿತಾಂಶವನ್ನು 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅಂಕಿಗಳಲ್ಲಿ ತೋರಿಸಿದೆ. ಜ್ವರ ತುತ್ತತುದಿಯಲ್ಲಿದ್ದ ವಾರದಲ್ಲಿ ಫಿಲಡೆಲ್ಫಿಯಾದಲ್ಲಿ ಲಕ್ಷ ಜನರಿಗೆ 257 ಹೆಚ್ಚುವರಿ ಸಾವುಗಳಾದವು. ಸೇಂಟ್ ಲೂಯಿಸ್‌ನಲ್ಲಿ ನಿರ್ಬಂಧಗಳು ಜಾರಿಯಲ್ಲಿದ್ದಷ್ಟು ಕಾಲ ಈ ಸಂಖ್ಯೆ ಯಾವ ವಾರವೂ 31ನ್ನು ಮೀರಲಿಲ್ಲ. ನವೆಂಬರ್‌ನಲ್ಲಿ ಒತ್ತಡಕ್ಕೆ ಮಣಿದು ನಿರ್ಬಂಧ ಸಡಿಲಿಸಿದಾಗ ಅಲ್ಲಿಯೂ ಜ್ವರ ಏರಿತು. ಮತ್ತೆ ಬಿಗಿ ಮಾಡಬೇಕಾಯಿತು. ಯಾವಾಗ ಮುಚ್ಚಬೇಕೆಂಬುದು ಎಷ್ಟು ಮುಖ್ಯವೋ ಯಾವಾಗ ತೆರೆಯಬೇಕೆಂಬುದೂ ಅಷ್ಟೇ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ.

ಒಂದು ಹಡಗು ತಂದ ಸಾವು

ಅದೇ 1918ರ ನವೆಂಬರ್ 7ರಂದು 'ಟಲೂನ್' ಎಂಬ ಪ್ರಯಾಣಿಕರ ಹಡಗು ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ಹೊರಟು, ಪೆಸಿಫಿಕ್ ಸಾಗರದ ಪಶ್ಚಿಮ ಸಮೋವಾ ದ್ವೀಪಕ್ಕೆ ಬಂದು ನಿಂತಿತು. ದಾರಿಯಲ್ಲಿ ಫಿಜಿ ದ್ವೀಪದಲ್ಲಿ ಆ ಹಡಗಿಗೆ ಕ್ವಾರಂಟೈನ್ ವಿಧಿಸಲಾಗಿತ್ತು. ಆ ಸಂಗತಿಯನ್ನು ಸಮೋವಾದಲ್ಲಿ ಯಾರೂ ಹೇಳಲಿಲ್ಲ. ಜ್ವರವಿದ್ದ ಪ್ರಯಾಣಿಕರೂ ದಡಕ್ಕೆ ಇಳಿದರು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ, ಅಂದರೆ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಸತ್ತುಹೋದರು. ಇಡೀ ಕುಟುಂಬಗಳೇ ಅಳಿದವು.

ಪಕ್ಕದಲ್ಲೇ ಅಮೆರಿಕದ ಆಡಳಿತದಲ್ಲಿದ್ದ ಸಮೋವಾ ದ್ವೀಪಗಳಿದ್ದವು. ಅಲ್ಲಿನ ಗವರ್ನರ್ ಜಾನ್ ಪೋಯರ್ ರೇಡಿಯೋ ಮೂಲಕ ಸುದ್ದಿ ತಿಳಿದ ಕೂಡಲೇ ಬಂದರಿನಲ್ಲಿ ಕಟ್ಟುನಿಟ್ಟಿನ ಕಾವಲು ಹಾಕಿಸಿದರು. ಸ್ಥಳೀಯ ಜನರೇ ತಮ್ಮ ಕಡಲತೀರವನ್ನು ಕಾದರು. ಅಲ್ಲಿ ಈ ಜ್ವರದಿಂದ ಒಬ್ಬರೂ ಸಾಯಲಿಲ್ಲ. ಒಂದೇ ಜನಾಂಗ, ಒಂದೇ ಭಾಷೆ, ಒಂದೇ ಹವೆ; ಬೇರೆಯಾಗಿದ್ದುದು ಆಡಳಿತದ ತೀರ್ಮಾನ ಮಾತ್ರ. ಪಶ್ಚಿಮ ಸಮೋವಾ ಆಗ ನ್ಯೂಜಿಲೆಂಡಿನ ಆಡಳಿತದಲ್ಲಿತ್ತು. 84 ವರ್ಷಗಳ ನಂತರ, 2002ರಲ್ಲಿ, ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾದ ಜನರ ಕ್ಷಮೆ ಕೇಳಿದರು.

ನಮ್ಮ ಕಣ್ಣೆದುರಿನ ಇತಿಹಾಸ

ಇಷ್ಟೆಲ್ಲ ಪುಸ್ತಕದಲ್ಲಿದ್ದರೂ 2020ರಲ್ಲಿ ಜಗತ್ತು ಅದೇ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಯಿತು. ಆ ವರ್ಷದ ಫೆಬ್ರುವರಿಯಲ್ಲಿ 'ಡೈಮಂಡ್ ಪ್ರಿನ್ಸೆಸ್' ಎಂಬ ವಿಲಾಸಿ ಹಡಗನ್ನು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿಯಲಾಯಿತು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಕೊರೊನಾ ತಗುಲಿತು. ಪ್ರಯಾಣಿಕರು ತಮ್ಮ ತಮ್ಮ ಕೋಣೆಗಳಲ್ಲಿ ಪ್ರತ್ಯೇಕವಾಗಿ ಉಳಿದರು. ಆದರೆ ಅವರ ಬಾಗಿಲಿಗೆ ಊಟ ಮುಟ್ಟಿಸುತ್ತಿದ್ದ ನೌಕರರು ಒಂದೇ ಕೋಣೆಯನ್ನು ಹಂಚಿಕೊಂಡು ಮಲಗುತ್ತಿದ್ದರು. ಆ ನೌಕರರಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರು. ಒಬ್ಬರ ವಿರಾಮ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ ಎಂಬ ಸತ್ಯ ಆ ಹಡಗಿನಲ್ಲಿ ಎದ್ದು ಕಂಡಿತು.

ಆಸ್ಟ್ರಿಯಾ ದೇಶದ ಇಷ್‌ಗಲ್ ಎಂಬ ಪುಟ್ಟ ಊರಿನ ಕಥೆ ಇನ್ನೂ ಸ್ಪಷ್ಟವಾದದ್ದು. ಸುಮಾರು 1,600 ಜನ ವಾಸವಾಗಿರುವ ಈ ಬೆಟ್ಟದೂರಿಗೆ ಹಿಮದ ಮೇಲೆ ಜಾರುವ ಆಟಕ್ಕಾಗಿ ಯುರೋಪಿನ ಮೂಲೆಮೂಲೆಗಳಿಂದ ಪ್ರವಾಸಿಗರು ಬರುತ್ತಾರೆ. 2020ರ ಮಾರ್ಚ್ 5ರಂದು ಐಸ್‌ಲೆಂಡ್ ದೇಶವು, ಇಷ್‌ಗಲ್‌ಗೆ ಹೋಗಿ ಬಂದ ತನ್ನ ಪ್ರಜೆಗಳಲ್ಲಿ ಸೋಂಕು ಕಂಡುಬಂದಿದೆ ಎಂದು ಹೇಳಿ ಆ ಊರನ್ನು ಅಪಾಯದ ಸ್ಥಳಗಳ ಪಟ್ಟಿಗೆ ಸೇರಿಸಿತು. ಸ್ಥಳೀಯ ಅಧಿಕಾರಿಗಳು, ಸೋಂಕು ಇಲ್ಲಿ ತಗುಲಿರುವ ಸಾಧ್ಯತೆ ಕಡಿಮೆ ಎಂದರು. ಎರಡು ದಿನಗಳಲ್ಲಿ ಅಲ್ಲಿನ ಜನಪ್ರಿಯ ಪಾನಗೃಹವೊಂದರ ನೌಕರನಿಗೇ ಸೋಂಕು ದೃಢಪಟ್ಟಿತು. ಆದರೂ ಬೆಟ್ಟದ ಮೇಲಿನ ಆಟ ಕೂಡಲೇ ನಿಲ್ಲಲಿಲ್ಲ. ಮಾರ್ಚ್ 13ರಂದು ಇಡೀ ಕಣಿವೆಗೆ ದಿಗ್ಬಂಧನ ಘೋಷಿಸಿದಾಗ ಸಾವಿರಾರು ಪ್ರವಾಸಿಗರು ಗಾಬರಿಯಿಂದ ಹೊರಟು, ಸೋಂಕನ್ನು ತಮ್ಮ ತಮ್ಮ ದೇಶಗಳಿಗೆ ಹೊತ್ತೊಯ್ದರು. ನಂತರದ ಪರೀಕ್ಷೆಯಲ್ಲಿ ಆ ಊರಿನ ಶೇ. 42ರಷ್ಟು ನಿವಾಸಿಗಳಿಗೆ ಸೋಂಕು ತಗುಲಿ ಹೋಗಿದ್ದುದು ತಿಳಿಯಿತು. ತನಿಖಾ ಆಯೋಗ ಅಧಿಕಾರಿಗಳ ತೀರ್ಮಾನಗಳಲ್ಲಿ ಲೋಪಗಳಿದ್ದವೆಂದು 2020ರ ಅಕ್ಟೋಬರ್‌ನಲ್ಲಿ ವರದಿ ನೀಡಿತು. ಆದರೆ ಕ್ರಿಮಿನಲ್ ಮೊಕದ್ದಮೆ ಹೂಡಲು ಸಾಕಷ್ಟು ಆಧಾರವಿಲ್ಲವೆಂದು 2021ರಲ್ಲಿ ಪ್ರಕರಣವನ್ನು ಕೈಬಿಡಲಾಯಿತು.

ಮೈಸೂರು ದಸರಾ 2020

ಇನ್ನು ನಮ್ಮ ನಾಡಿಗೆ ಬರೋಣ. ದಸರಾ ಎಂದರೆ ಮೈಸೂರಿಗೆ ಲಕ್ಷಾಂತರ ಜನ ಹರಿದುಬರುವ ಕಾಲ. 2020ರಲ್ಲಿ ಸರ್ಕಾರ ಈ ನಾಡಹಬ್ಬವನ್ನು ಸರಳವಾಗಿ ಆಚರಿಸುವ ತೀರ್ಮಾನ ಕೈಗೊಂಡಿತು. ಅಕ್ಟೋಬರ್ 17ರಂದು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರು ಉದ್ಘಾಟನೆ ಮಾಡಿದರು. ಆ ಗೌರವ ಒಬ್ಬ ವೈದ್ಯರಿಗೆ ಸಂದದ್ದು ಕಾಲಕ್ಕೆ ತಕ್ಕದ್ದಾಗಿತ್ತು. ಅಭಿಮನ್ಯು ಆನೆ ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತಿತು. ಆದರೆ ಜಂಬೂ ಸವಾರಿ ಬನ್ನಿಮಂಟಪದವರೆಗೆ ಹೋಗಲಿಲ್ಲ. ಅರಮನೆಯ ಆವರಣದೊಳಗೆ, ಕೆಲವೇ ನೂರು ಜನರ ಸಮ್ಮುಖದಲ್ಲಿ ಮುಗಿಯಿತು. ಉಳಿದವರು ಮನೆಯಲ್ಲೇ ಕುಳಿತು ಟಿ.ವಿ.ಯಲ್ಲಿ ನೋಡಿದರು. ಫಿಲಡೆಲ್ಫಿಯಾ ಮಾಡದ ಕೆಲಸವನ್ನು ಮೈಸೂರು ಮಾಡಿತು ಎಂದು ನಾವು ಧಾರಾಳವಾಗಿ ಹೇಳಬಹುದು.

ಆದರೆ ಇಷ್ಟಕ್ಕೇ ಮಾತು ಮುಗಿಯುವುದಿಲ್ಲ. ಹಬ್ಬ ಸರಳವಾದಾಗ ಟಾಂಗಾ ಓಡಿಸುವವನ ಒಲೆಯೂ ಸರಳವಾಗುತ್ತದೆ. ಲಾಡ್ಜಿನ ರೂಮ್ ಬಾಯ್, ಟ್ಯಾಕ್ಸಿ ಚಾಲಕ, ಅರಮನೆ ಮುಂದೆ ಬಲೂನು ಮಾರುವ ಹುಡುಗ, ಚುರುಮುರಿ ಗಾಡಿಯವನು, ಬೀಟೆ ಮರದ ಗೊಂಬೆ ಮಾಡುವ ಕುಶಲಕರ್ಮಿ ಇವರೆಲ್ಲ ದಸರೆಯ ಹತ್ತು ದಿನಗಳ ದುಡಿಮೆಯನ್ನು ನೆಚ್ಚಿ ಶಾಲಾ ಫೀಜು, ಮನೆ ಬಾಡಿಗೆ ಲೆಕ್ಕ ಹಾಕಿರುತ್ತಾರೆ. ನಮ್ಮ ಸಮುದಾಯದ ಎಷ್ಟೋ ಕುಟುಂಬಗಳ ಅನ್ನದ ದಾರಿಯೂ ಇಂಥ ದಿನಗೂಲಿ ಕಸುಬುಗಳೇ. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರ ಘೋಷಿಸಿ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಪ್ರಕಟಿಸಿತು. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನೋಂದಾಯಿತ ಪ್ರವಾಸಿ ಮಾರ್ಗದರ್ಶಿಗಳಿಗೆ 1 ಲಕ್ಷ ರೂಪಾಯಿವರೆಗೆ ಸಾಲದ ಯೋಜನೆ ತಂದಿತು. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಬಲೂನು ಮಾರುವವನಿಗೆ ಪರವಾನಗಿಯೂ ಇಲ್ಲ, ನೋಂದಣಿಯೂ ಇಲ್ಲ. ಇಂಥವರನ್ನು ತಲುಪುವ ದಾರಿ ಯಾವುದು ಎಂಬುದು ಅಂದು ಉಳಿದ ಪ್ರಶ್ನೆ, ಇಂದೂ ಉಳಿದಿದೆ.

ಸುದ್ದಿಯನ್ನು ಮುಚ್ಚಿಡುವ ಆಸೆ ಹುಟ್ಟುವುದು ಎಲ್ಲಿಂದ ಎಂದು ಯೋಚಿಸಿದರೆ ಇದರ ಮಹತ್ವ ತಿಳಿಯುತ್ತದೆ. ದೊಡ್ಡ ವ್ಯಾಪಾರಿ ಲಾಭದ ಆಸೆಯಿಂದ ಮುಚ್ಚಿಡಬಹುದು. ಬಡವ ಮುಚ್ಚಿಡುವುದು ಹಸಿವಿನ ಭಯದಿಂದ. ಬಾಗಿಲು ಹಾಕಿದರೂ ನನ್ನ ಮಕ್ಕಳು ಉಪವಾಸ ಬೀಳುವುದಿಲ್ಲ ಎಂಬ ಭರವಸೆ ಇದ್ದವನು ಜ್ವರ ಬಂದಾಗ ಧೈರ್ಯವಾಗಿ ಆಸ್ಪತ್ರೆಗೆ ಬರುತ್ತಾನೆ. ಹಾಗಾಗಿ ಪರಿಹಾರ ಧನವನ್ನು ಕೇವಲ ದಾನವೆಂದು ನೋಡಬಾರದು. ಔಷಧಿ, ಮಾಸ್ಕ್, ಲಸಿಕೆಗಳಂತೆ ಅದೂ ಸಾರ್ವಜನಿಕ ಆರೋಗ್ಯದ ಒಂದು ಸಾಧನ.

ನಾವು ಕಲಿಯಬೇಕಾದದ್ದು

ವಿದ್ಯಾರ್ಥಿ ಮಿತ್ರರೇ, ಇತಿಹಾಸವೆಂದರೆ ರಾಜರ ಹೆಸರು ಮತ್ತು ಇಸವಿಗಳ ಪಟ್ಟಿಯಲ್ಲ. ಮೇಲಿನ ಘಟನೆಗಳಿಂದ ಮೂರು ಸಂಗತಿಗಳನ್ನು ನೆನಪಿಡಬಹುದು. ಮೊದಲನೆಯದು, ರೋಗದ ಸುದ್ದಿಯನ್ನು ಬೇಗ ಹೇಳಿದ ಊರು ಕೆಲವು ದಿನಗಳ ಗಳಿಕೆ ಕಳೆದುಕೊಳ್ಳುತ್ತದೆ. ಮುಚ್ಚಿಟ್ಟ ಊರು ಜನರನ್ನೂ ಕಳೆದುಕೊಂಡು, ಕೊನೆಗೆ ಗಳಿಕೆಯನ್ನೂ ಕಳೆದುಕೊಳ್ಳುತ್ತದೆ. ಎರಡನೆಯದು, ರೋಗಕ್ಕೆ ಒಂದು ಜನಾಂಗವನ್ನೋ ಒಂದು ಸಮುದಾಯವನ್ನೋ ಹೊಣೆ ಮಾಡಿದರೆ ರೋಗ ಕಡಿಮೆಯಾಗುವುದಿಲ್ಲ, ಅಡಗಿಕೊಳ್ಳುತ್ತದೆ. ಮೂರನೆಯದು, ಬಾಗಿಲು ಮುಚ್ಚುವ ಆದೇಶ ಹೊರಡಿಸುವವರು ಆ ಬಾಗಿಲ ಹೊರಗೆ ನಿಂತು ದುಡಿಯುವವರ ಊಟದ ಬಗ್ಗೆಯೂ ಅದೇ ದಿನ ಯೋಚಿಸಬೇಕು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ತುರ್ತು ಪರಿಸ್ಥಿತಿ ಮುಗಿಯಿತೆಂದು ಪ್ರಕಟಿಸಿತು. ಜಂಬೂ ಸವಾರಿ ಮತ್ತೆ ರಾಜಬೀದಿಗೆ ಬಂದಿದೆ. ಶಾಲಾ ಪ್ರವಾಸದ ಬಸ್ಸುಗಳು ಮತ್ತೆ ಹೊರಡುತ್ತಿವೆ. ಹೊರಡಲಿ, ಮಕ್ಕಳು ನಾಡನ್ನು ನೋಡಲಿ. ಬಿಡುವು, ಪ್ರವಾಸ, ಸಂತೋಷ ಯಾವುದೂ ತಪ್ಪಲ್ಲ. ಆದರೆ ನಾಳೆ ಇದೇ ವಿದ್ಯಾರ್ಥಿಗಳಲ್ಲಿ ಕೆಲವರು ವೈದ್ಯರಾಗುತ್ತಾರೆ, ಕೆಲವರು ಪತ್ರಕರ್ತರಾಗುತ್ತಾರೆ, ಕೆಲವರು ಹೋಟೆಲಿನ ಮಾಲೀಕರಾಗುತ್ತಾರೆ, ಕೆಲವರು ಜಿಲ್ಲಾಧಿಕಾರಿಯ ಕುರ್ಚಿಯಲ್ಲಿ ಕೂರುತ್ತಾರೆ. ಮುಂದೊಮ್ಮೆ ಇಂಥ ದಿನ ಬಂದರೆ, ಉತ್ಸವಕ್ಕೆ ಇನ್ನೇನು ಎರಡೇ ದಿನ ಉಳಿದಿರುವಾಗ ಒಬ್ಬ ವೈದ್ಯ ಬಂದು 'ನಿಲ್ಲಿಸಿ' ಎಂದರೆ, ಆ ಮಾತನ್ನು ಕೇಳುವ ಕಿವಿಯೂ, ಆದೇಶಕ್ಕೆ ಸಹಿ ಹಾಕುವ ಧೈರ್ಯವೂ ಅವರಿಗಿರಲಿ ಎಂಬುದೇ ನಮ್ಮ ಆಶಯ.